ಎಣಿಕೆಯ ಘಟಕ ಯಾವುದು? ಕ್ರೈಸ್ತ ಮಿಷನ್ ನಕ್ಷೆಗಳ ಚರಿತ್ರೆ, 1792ರಿಂದ ಈಚೆಗೆ

ವಿಲಿಯಂ ಕೇರಿ 1792ರಲ್ಲಿ ಇಂಗ್ಲೆಂಡಿನ ಲೆಸ್ಟರಿನಲ್ಲಿ ಅಚ್ಚು ಹಾಕಿಸಿದ ಕಿರುಹೊತ್ತಗೆಯೊಂದರ ನಡುವೆ ಪುಟಗಟ್ಟಲೆ ಬರೀ ಕೋಷ್ಟಕಗಳಿವೆ. ದೇಶದ ಹೆಸರು, ಅದರ ಉದ್ದ, ಅಗಲ, ಜನಸಂಖ್ಯೆ, ಅಲ್ಲಿನವರ ಧರ್ಮ: ಒಂದೊಂದು ದೇಶಕ್ಕೂ ಒಂದೊಂದು ಸಾಲು. ಕ್ರೈಸ್ತರಲ್ಲದ ಜನಗಳಿಗೆ ಸುವಾರ್ತೆ ಮುಟ್ಟಿಸುವುದು ಸಭೆಯ ಕರ್ತವ್ಯ ಎಂದು ವಾದಿಸಲು ಹೊರಟ ಕೇರಿ ಬೈಬಲಿನ ವಚನಗಳ ಜೊತೆಗೆ ಈ ಲೆಕ್ಕವನ್ನೂ ಸಾಕ್ಷಿಗೆ ನಿಲ್ಲಿಸಿದ. ಅವನ ಎಣಿಕೆಯಂತೆ ಲೋಕದ ಒಟ್ಟು ಜನಸಂಖ್ಯೆ 73 ಕೋಟಿ 10 ಲಕ್ಷ. ಅದರಲ್ಲಿ 42 ಕೋಟಿ ಜನ ‘ಅಜ್ಞಾನದ ಕತ್ತಲಲ್ಲಿ’ ಇರುವವರು, 13 ಕೋಟಿ ಮುಸ್ಲಿಮರು, 10 ಕೋಟಿ ಕ್ಯಾಥೊಲಿಕರು, 4 ಕೋಟಿ 40 ಲಕ್ಷ ಪ್ರೊಟೆಸ್ಟಂಟರು, 3 ಕೋಟಿ ಗ್ರೀಕ್ ಮತ್ತು ಅರ್ಮೇನಿಯನ್ ಸಭೆಯವರು, 70 ಲಕ್ಷ ಯೆಹೂದ್ಯರು. ಕ್ಯಾಪ್ಟನ್ ಕುಕ್‌ನ ಸಮುದ್ರಯಾನದ ಕಥನಗಳನ್ನೂ ಅಂದಿನ ಭೂಗೋಳ ಗ್ರಂಥಗಳನ್ನೂ ಓದಿ ಕಲೆಹಾಕಿದ ಅಂಕಿಗಳಿವು. ನಿಖರತೆಯ ದೃಷ್ಟಿಯಿಂದ ಇವಕ್ಕೆ ಈಗ ಬೆಲೆಯಿಲ್ಲ. ಆದರೆ ಲೋಕವನ್ನೆಲ್ಲ ಒಂದೇ ಕೋಷ್ಟಕದಲ್ಲಿ ಹಿಡಿದು, ಯಾವ ಸಾಲಿನಲ್ಲಿ ಇನ್ನೂ ಕೆಲಸವಾಗಿಲ್ಲ ಎಂದು ತೋರಿಸುವ ವಿಧಾನ ಮಿಷನ್ ಚಳವಳಿಯಲ್ಲಿ ಅಲ್ಲಿಂದಾಚೆಗೆ ಗಟ್ಟಿಯಾಗಿ ಬೇರೂರಿತು.

ಈ ಲೇಖನದ ವಾದ ಇಷ್ಟು. ಮಿಷನ್ ನಕ್ಷೆಗಳನ್ನು ಓದುವಾಗ ಅಂಕಿ ಸರಿಯೇ ತಪ್ಪೇ ಎಂದು ಕೇಳುವುದಕ್ಕೆ ಮೊದಲು, ಅಲ್ಲಿ ಎಣಿಸಿರುವುದು ಏನನ್ನು ಎಂದು ಕೇಳಬೇಕು. ಕೇರಿ ದೇಶವನ್ನು ಎಣಿಸಿದ. ಅವನ ಅನಂತರದವರು ಮಿಷನ್ ಕೇಂದ್ರವನ್ನು, ಆಮೇಲೆ ಭಾಷೆಯನ್ನು, ಕೊನೆಗೆ ಜನಗುಂಪನ್ನು ಎಣಿಸಿದರು. ಘಟಕ ಬದಲಾದಾಗಲೆಲ್ಲ ನಕ್ಷೆಯ ಖಾಲಿ ಜಾಗವೂ ಬೇರೆಡೆಗೆ ಸರಿದಿದೆ. ಆ ಖಾಲಿ ಜಾಗದ ಕಡೆಗೇ ಹಣವೂ ಜನರೂ ಹರಿದಿದ್ದಾರೆ.

ಕೇರಿಗಿಂತ ಮುಂಚೆ ಮಿಷನರಿಗಳು ನಕ್ಷೆ ಮಾಡಿರಲಿಲ್ಲ ಎಂದೇನಲ್ಲ. ಮತ್ತೆಯೊ ರಿಚ್ಚಿ ಚೀನೀ ಲಿಪಿಯಲ್ಲಿ ಲೋಕದ ಭೂಪಟವನ್ನು ಅಚ್ಚು ಹಾಕಿಸಿದ್ದು 1602ರಲ್ಲಿ. ಅಕ್ಬರನ ಆಸ್ಥಾನದಲ್ಲಿದ್ದ ಜೆಸ್ಯುಯಿಟ್ ಪಾದ್ರಿ ಮಾನ್ಸೆರಾಟೆ ಉತ್ತರ ಭಾರತದ ನಕ್ಷೆ ಬರೆದಿದ್ದ. ಚೀನೀ ಸಾಮ್ರಾಟ ಕಾಂಗ್‌ಷಿಗಾಗಿ 1708ರಿಂದ 1718ರವರೆಗೆ ಇಡೀ ರಾಜ್ಯವನ್ನು ಅಳೆದವರಲ್ಲೂ ಜೆಸ್ಯುಯಿಟರೇ ಮುಂದಿದ್ದರು. ಆದರೆ ಅವು ಆಸ್ಥಾನದ ಮನ್ನಣೆಗಾಗಿ, ವಿದ್ವತ್ತಿಗಾಗಿ ಮಾಡಿದ ನಕ್ಷೆಗಳು. ಊರಿನ ಸಾಮಾನ್ಯ ವಿಶ್ವಾಸಿಯ ಕಣ್ಣಮುಂದೆ ಲೋಕವನ್ನು ಹರಡಿ ‘ಇಲ್ಲಿ ಯಾರೂ ಹೋಗಿಲ್ಲ’ ಎಂದು ಹೇಳುವ ನಕ್ಷೆ ಕೇರಿಯ ಕಾಲದ್ದು. ಮೌಲ್ಟನ್ ಹಳ್ಳಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಕೇರಿ ಹಲವು ಹಾಳೆಗಳನ್ನು ಅಂಟಿಸಿ ದೊಡ್ಡ ಭೂಪಟ ಮಾಡಿ ಗೋಡೆಗೆ ತೂಗುಹಾಕಿದ್ದನೆಂದೂ, ಒಂದೊಂದು ದೇಶದ ಮೇಲೂ ತಾನು ಓದಿ ತಿಳಿದ ಜನಸಂಖ್ಯೆ, ಧರ್ಮ ಮುಂತಾದ ವಿವರ ಬರೆದಿಟ್ಟಿದ್ದನೆಂದೂ ಅವನ ಒಡನಾಡಿ ಆಂಡ್ರೂ ಫುಲ್ಲರ್ ನೆನಪಿಸಿಕೊಂಡಿದ್ದಾನೆ.

ಕೇರಿಯ ಕೋಷ್ಟಕದಲ್ಲಿ ಹಿಂದೂಸ್ತಾನಕ್ಕೆ ದೊರೆತದ್ದು ಒಂದೇ ಸಾಲು. ಬಂಗಾಳಕ್ಕೆ ಬಂದು ಸೆರಾಂಪುರದಲ್ಲಿ ನೆಲೆನಿಂತ ಮೇಲೆ ಆ ಒಂದು ಸಾಲು ಅವನ ಕೈಯಲ್ಲೇ ಹತ್ತಾರು ಭಾಷೆಗಳಾಗಿ ಒಡೆಯಿತು. ಅವನ ಕನ್ನಡ ವ್ಯಾಕರಣ 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾಯಿತು. ನೆಲದ ಅನುಭವ ಘಟಕವನ್ನು ಒಡೆಯುತ್ತದೆ ಎಂಬುದಕ್ಕೆ ಇದು ಮೊದಲ ಸಾಕ್ಷ್ಯ.

ಇನ್ನೊಂದು ಸಾಕ್ಷ್ಯ ಪೂರ್ವ ಆಫ್ರಿಕದ್ದು. ಚರ್ಚ್ ಮಿಷನರಿ ಸೊಸೈಟಿಯ ಕೆಲಸಕ್ಕೆ ಬಂದಿದ್ದ ಜರ್ಮನ್ ಪಾದ್ರಿ ಯೊಹಾನೆಸ್ ರೆಬ್ಮಾನ್ 1848ರ ಮೇ ತಿಂಗಳಲ್ಲಿ ಕಿಲಿಮಂಜಾರೊ ಶಿಖರದ ಮೇಲೆ ಹಿಮ ಕಂಡನು. ಮರುವರ್ಷ ಅವನ ಜೊತೆಗಾರ ಕ್ರಾಪ್ಫ್ ಕೆನ್ಯಾ ಪರ್ವತವನ್ನು ಕಂಡನು. ಸಮಭಾಜಕ ವೃತ್ತದ ಹತ್ತಿರ ಹಿಮವೆಲ್ಲಿಂದ ಬಂತು ಎಂದು ಲಂಡನ್ನಿನ ಭೂಗೋಳ ಪಂಡಿತ ಕೂಲಿ ಅದನ್ನು ತಳ್ಳಿಹಾಕಿದ. ಇದೇ ಗುಂಪಿನ ಯಾಕೋಬ್ ಎರ್ಹಾರ್ಟ್, ಕರಾವಳಿಗೆ ಬರುತ್ತಿದ್ದ ಅರಬ್ ಮತ್ತು ಸ್ವಾಹಿಲಿ ವ್ಯಾಪಾರಿಗಳನ್ನು ಕೇಳಿ ಕೇಳಿ, ಒಳನಾಡಿನ ದಾರಿಗಳನ್ನು ಗುರುತಿಸಿ, ರೆಬ್ಮಾನ್ ಜೊತೆ ಸೇರಿ ಒಂದು ನಕ್ಷೆ ಸಿದ್ಧಪಡಿಸಿದ. ಬೇರೆಬೇರೆ ದಾರಿಗಳಿಂದ ಬಂದ ವ್ಯಾಪಾರಿಗಳೆಲ್ಲ ಕೊನೆಗೆ ದೊಡ್ಡ ನೀರು ಸಿಗುತ್ತದೆ ಎಂದೇ ಹೇಳಿದ್ದರಿಂದ ಅವರಿಬ್ಬರೂ ಅದನ್ನು ಒಂದೇ ಸರೋವರವೆಂದು ಎಣಿಸಿದರು. 1855-56ರಲ್ಲಿ ಪ್ರಕಟವಾದ ಆ ನಕ್ಷೆಯ ನಡುವೆ ಬಸವನಹುಳದ ಆಕಾರದ ಭಾರಿ ಸರೋವರವೊಂದು ಚಾಚಿಕೊಂಡಿದೆ. ನಿಜದಲ್ಲಿ ಅಲ್ಲಿರುವುದು ವಿಕ್ಟೋರಿಯಾ, ಟಾಂಗನ್ಯೀಕ, ನ್ಯಾಸ ಎಂಬ ಮೂರು ಸರೋವರಗಳು. ಬ್ರಿಟಿಷ್ ಅನ್ವೇಷಕರಾದ ಬರ್ಟನ್ ಮತ್ತು ಸ್ಪೀಕ್ ಅವರ ಯಾತ್ರೆಗೆ ಪ್ರೇರಣೆ ಕೊಟ್ಟದ್ದು ಈ ತಪ್ಪು ನಕ್ಷೆಯೇ; 1858ರಲ್ಲಿ ಅವರು ಹೋಗಿ ನೋಡಿದಾಗ ಒಂದು ಎರಡಾಯಿತು. ನನ್ನ ಮಟ್ಟಿಗೆ ಆ ತಪ್ಪಿಗಿಂತ ಮಾಹಿತಿಯ ಮೂಲವೇ ದೊಡ್ಡ ಸಂಗತಿ. ನಕ್ಷೆಯ ಮೇಲೆ ಪಾದ್ರಿಗಳ ಹೆಸರು ಉಳಿಯಿತು. ಕಾಲ್ನಡಿಗೆಯಲ್ಲಿ ಆ ದಾರಿಗಳನ್ನು ಸವೆಸಿ ವಿವರ ಕೊಟ್ಟ ವ್ಯಾಪಾರಿಗಳ ಹೆಸರು ಉಳಿಯಲಿಲ್ಲ.

ಕನ್ನಡ ನಾಡು ಈ ಚರಿತ್ರೆಯೊಳಗೆ ನೇರವಾಗಿ ಬರುವುದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೂಲಕ. 1815ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಮೊದಲ ಮೂವರು ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಮುಲ್ಕಿ, ಗುಳೇದಗುಡ್ಡ, ಉಡುಪಿ ಎಂದು ಕೇಂದ್ರಗಳು ಒಂದೊಂದಾಗಿ ಹುಟ್ಟಿಕೊಂಡವು. ಸಂಸ್ಥೆಯ ಮುಖ್ಯಾಧಿಕಾರಿ ಯೋಸೆಫ್ ಯೋಸೆನ್‌ಹಾನ್ಸ್ 1851-52ರಲ್ಲಿ ಭಾರತಕ್ಕೆ ಬಂದು ಕೇಂದ್ರಗಳನ್ನು ನೋಡಿ ಹೋದ. 1857ರಲ್ಲಿ ಬಾಸೆಲ್ ಮಿಷನ್ನಿನ ಭೂಪಟ ಸಂಪುಟವನ್ನು ಹೊರತಂದ. ಕ್ಷೇತ್ರದಲ್ಲಿದ್ದ ಪಾದ್ರಿಗಳು ಕೊಟ್ಟ ವಿವರಗಳನ್ನು ಆಧರಿಸಿ ಸಿದ್ಧವಾದ ಸಂಪುಟವದು. ಹಾಗೆ ವಿವರ ಕೊಟ್ಟವರಲ್ಲಿ ಕನ್ನಡ ಬೈಬಲ್ ಅನುವಾದಕ್ಕೆ ದುಡಿದ ವೈಗ್ಲೆ ಇದ್ದಾನೆ, ಮಲಯಾಳಂ ನಿಘಂಟಿನ ಗುಂಡರ್ಟ್ ಇದ್ದಾನೆ.

ಇದೇ ಹೊತ್ತಿಗೆ, 1855ರಲ್ಲಿ, ಬಾಸೆಲಿನ ಕಾರ್ಲ್ ಸರಾಸಿನ್ ವಾರಕ್ಕೊಮ್ಮೆ ಅರ್ಧ ಬಾಟ್ಸೆನ್ ಎಂಬ ಚಿಕ್ಕ ನಾಣ್ಯವನ್ನು ಮನೆಮನೆಯಿಂದ ಕೂಡಿಸುವ ಪದ್ಧತಿಯನ್ನು ಶುರುಮಾಡಿದ್ದ. ಭೂಪಟ ಸಂಪುಟ, ಈ ಕಾಸಿನ ಕೂಡಿಕೆ ಎರಡನ್ನೂ ಜೊತೆಗಿಟ್ಟು ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಜರ್ಮನಿಯ ವ್ಯುರ್ಟೆಂಬರ್ಗಿನ ರೈತನ ಹೆಂಡತಿ, ಬಾಸೆಲಿನ ಮನೆಗೆಲಸದ ಹುಡುಗಿ ವಾರವಾರವೂ ಕಾಸು ಕೊಡಬೇಕಾದರೆ ಆ ಕಾಸು ಹೋಗಿ ಸೇರುವ ಊರು ಅವರಿಗೆ ಕಾಣಬೇಕಿತ್ತು. ಮಂಗಳೂರು, ಧಾರವಾಡಗಳನ್ನು ಅವರ ಓದಿನ ಕೋಣೆಗೆ ತಂದದ್ದು ನಕ್ಷೆ. ಹಾಗಾಗಿ ಅದರ ಘಟಕವೂ ಮಿಷನ್ ಕೇಂದ್ರವೇ ಆಯಿತು. ಪಾದ್ರಿಯ ಮನೆ, ಶಾಲೆ, ಪ್ರಾರ್ಥನಾ ಮಂದಿರ ಇರುವ ಊರು ಗುರುತು ಪಡೆಯಿತು. ಅದಕ್ಕಿಂತ ದೊಡ್ಡ ಊರು, ಪಾದ್ರಿಯಿಲ್ಲದಿದ್ದರೆ, ಹಿನ್ನೆಲೆಗೆ ಸರಿಯಿತು.

ಮಿಷನ್ನಿನ ವಾರ್ಷಿಕ ವರದಿಗಳ ಕೋಷ್ಟಕಗಳೂ ಇದೇ ಕ್ರಮದವು. ಕೇಂದ್ರವಾರು ಸಭೆಯ ಸದಸ್ಯರು, ದೀಕ್ಷೆಗೆ ಕಾದಿರುವವರು, ಶಾಲೆಗಳು, ಮಕ್ಕಳು. ಸ್ಥಳೀಯ ಉಪದೇಶಿಗಳು, ಶಾಲಾ ಮಾಸ್ತರರು ಅಲ್ಲಿ ಬಹುಮಟ್ಟಿಗೆ ಸಂಖ್ಯೆಯಾಗಿ ಬರುತ್ತಾರೆ. ಹಳ್ಳಿಹಳ್ಳಿ ತಿರುಗಿ ಊರಿನ ಹೆಸರು, ಮನೆಗಳ ಲೆಕ್ಕ, ಸಂತೆಯ ದಿನ ತಿಳಿದುಕೊಂಡು ಬರುತ್ತಿದ್ದವರು ಅವರೇ. 1871-72ರ ಮೊದಲ ಜನಗಣತಿಗಿಂತ ಮೂರು ದಶಕ ಹಿಂದಿನಿಂದಲೇ ಕರಾವಳಿ ಮತ್ತು ಧಾರವಾಡ ಸೀಮೆಯ ಹಲವು ಊರುಗಳಿಗೆ ವರ್ಷವರ್ಷದ ಅಂಕಿಗಳು ಈ ವರದಿಗಳಲ್ಲಿವೆ. ಬಾಸೆಲ್ ದಫ್ತರಖಾನೆಯ ನಕ್ಷೆಗಳು, ಛಾಯಾಚಿತ್ರಗಳು ಈಗ ಅಂತರ್ಜಾಲದಲ್ಲೇ ನೋಡಸಿಗುತ್ತವೆ. ನಮ್ಮ ಸ್ಥಳೀಯ ಚರಿತ್ರಕಾರರು ಮಂಗಳೂರ ಸಮಾಚಾರಕ್ಕೆ, ಕಿಟ್ಟೆಲ್ ನಿಘಂಟಿಗೆ ಕೊಟ್ಟ ಗಮನದಲ್ಲಿ ಒಂದು ಪಾಲನ್ನು ಈ ಕೋಷ್ಟಕಗಳಿಗೆ ಕೊಟ್ಟರೂ ಬಹಳ ಫಲ ಸಿಗುತ್ತದೆ.

ಗೋಥಾ ನಗರದ ಪೆರ್ಟೆಸ್ ಪ್ರಕಾಶನಕ್ಕಾಗಿ ಜರ್ಮನ್ ಪಾದ್ರಿ ಗ್ರುಂಡೆಮಾನ್ 1867ರಿಂದ 1871ರವರೆಗೆ ಎಲ್ಲ ಪ್ರೊಟೆಸ್ಟಂಟ್ ಮಿಷನ್‌ಗಳ ಭೂಪಟ ಸಂಪುಟ ಸಿದ್ಧಪಡಿಸಿದ. ಕ್ಯಾಥೊಲಿಕರ ಸಂಪುಟಗಳೂ ಹಿಂದೆಯೇ ಬಂದವು. ಅಮೆರಿಕದ ಹಾರ್ಲನ್ ಬೀಚ್ 1901ರಲ್ಲಿ ಪ್ರೊಟೆಸ್ಟಂಟ್ ಮಿಷನ್‌ಗಳ ಭೂಗೋಳವನ್ನು ಪ್ರಕಟಿಸತೊಡಗಿದ. ಇವೆಲ್ಲದರ ತುದಿ 1910ರ ಜೂನ್‌ನಲ್ಲಿ ಎಡಿನ್‌ಬರೋದಲ್ಲಿ ನಡೆದ ವಿಶ್ವ ಮಿಷನರಿ ಸಮ್ಮೇಳನ. ಸುಮಾರು 1,200 ಪ್ರತಿನಿಧಿಗಳು ಸೇರಿದ್ದ ಆ ಸಭೆಗಾಗಿ ಅಂಕಿಅಂಶಗಳ ಭೂಪಟ ಸಂಪುಟವೊಂದು ತಯಾರಾಗಿತ್ತು: ಸಂಸ್ಥೆಗಳ ಪಟ್ಟಿ, ಅಂಕಿಗಳ ಕೋಷ್ಟಕ, ಕೇಂದ್ರಗಳ ಅಕಾರಾದಿ, ನಕ್ಷೆಗಳು.

ಆ ಸಂಪುಟ ಏನನ್ನು ಬಿಟ್ಟಿತು ಎಂಬುದೇ ಮುಖ್ಯ. ಕ್ಯಾಥೊಲಿಕ್ ದೇಶಗಳನ್ನು ಮಿಷನ್ ಕ್ಷೇತ್ರವೆಂದು ಎಣಿಸಿದರೆ ತಾವು ಬರುವುದಿಲ್ಲ ಎಂದು ಇಂಗ್ಲೆಂಡಿನ ಆಂಗ್ಲಿಕನ್ ಸಭೆಯೊಳಗೆ ಕ್ಯಾಥೊಲಿಕ್ ಸಂಪ್ರದಾಯಕ್ಕೆ ಹತ್ತಿರವಾದ ಹೈ ಚರ್ಚ್ ಪಂಗಡದವರು ಪಟ್ಟುಹಿಡಿದಿದ್ದರು. ಸಮ್ಮೇಳನ ಒಪ್ಪಿಕೊಂಡಿತು. ಲ್ಯಾಟಿನ್ ಅಮೆರಿಕದ ಕ್ಯಾಥೊಲಿಕರ ನಡುವೆ ವರ್ಷಗಟ್ಟಲೆ ದುಡಿದಿದ್ದ ಪ್ರೊಟೆಸ್ಟಂಟ್ ಮಿಷನರಿಗಳು ಒಂದು ನಿರ್ಣಯದಿಂದ ಲೆಕ್ಕದ ಆಚೆಗೆ ಹೋದರು. ಅವರ ಅಸಮಾಧಾನವೇ 1916ರ ಪನಾಮಾ ಸಮ್ಮೇಳನಕ್ಕೆ ಕಾರಣವಾಯಿತು. ಒಂದು ಖಂಡದ ಕೆಲಸ ಕಾಣೆಯಾಗಲು ಯಾರೂ ಸುಳ್ಳು ಲೆಕ್ಕ ಬರೆಯಬೇಕಾಗಲಿಲ್ಲ. ‘ಕ್ರೈಸ್ತ ದೇಶ’ ಯಾವುದು ಎಂದು ತೀರ್ಮಾನಿಸಿದ್ದೇ ಸಾಕಾಯಿತು.

ಎಣಿಸಿಕೊಂಡವರು ನಕ್ಷೆಯನ್ನು ಓದಿದಾಗ ಏನಾಗುತ್ತದೆ ಎಂಬುದಕ್ಕೆ ಚೀನಾ ಉದಾಹರಣೆ. ಮಿಲ್ಟನ್ ಸ್ಟಾಫರ್ ಸಂಪಾದಿಸಿದ ಚೀನಾ ಸಮೀಕ್ಷೆ 1922ರಲ್ಲಿ ಹೊರಬಂತು. ಪ್ರಾಂತ ಪ್ರಾಂತಕ್ಕೂ ನಕ್ಷೆ. ಎಲ್ಲಿ ಕೇಂದ್ರವಿದೆ, ಎಲ್ಲಿ ಇಲ್ಲ ಎಂಬ ವಿವರ. ಅದರ ಹೆಸರಿನಲ್ಲೇ ದೇಶವನ್ನು ವಶಪಡಿಸಿಕೊಳ್ಳುವ ಧ್ವನಿಯಿತ್ತು. ಬೀಜಿಂಗಿನಲ್ಲಿ ಅದೇ ವರ್ಷ ಕ್ರೈಸ್ತ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಸಮಾವೇಶ ಸೇರಿದಾಗ ಭುಗಿಲೆದ್ದ ಕ್ರೈಸ್ತ ವಿರೋಧಿ ಚಳವಳಿಗೆ ಈ ಸಮೀಕ್ಷೆಯೂ ಎಣ್ಣೆ ಹೊಯ್ದಿತು. ಸಮೀಕ್ಷೆ ನಡೆಸಿದವರ ಶ್ರದ್ಧೆಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ತನ್ನ ಊರನ್ನು ಇನ್ನೊಬ್ಬರ ನಕ್ಷೆಯಲ್ಲಿ ಖಾಲಿ ಜಾಗವಾಗಿ ಕಂಡ ಚೀನೀ ವಿದ್ಯಾರ್ಥಿಯ ಸಿಟ್ಟೂ ಅಷ್ಟೇ ನ್ಯಾಯವಾದದ್ದು.

ಭಾಷೆಯನ್ನು ಘಟಕವಾಗಿ ನೆಲೆಗೊಳಿಸಿದ್ದು ಬೈಬಲ್ ಅನುವಾದಕರು. ಸಮ್ಮರ್ ಇನ್‌ಸ್ಟಿಟ್ಯೂಟ್ ಆಫ್ ಲಿಂಗ್ವಿಸ್ಟಿಕ್ಸ್ ಸಂಸ್ಥೆಯ ರಿಚರ್ಡ್ ಪಿಟ್‌ಮನ್ 1951ರಲ್ಲಿ 46 ಭಾಷೆಗಳ ವಿವರವನ್ನು ಹತ್ತು ಹಾಳೆಗಳಲ್ಲಿ ಸೈಕ್ಲೋಸ್ಟೈಲ್ ಮಾಡಿ ಹಂಚಿದ. ಯಾವ ಭಾಷೆಗೆ ಇನ್ನೂ ಬೈಬಲ್ ಬೇಕು ಎಂದು ತಿಳಿಯುವುದು ಉದ್ದೇಶ. ಅದೇ ‘ಎತ್ನೊಲಾಗ್’ ಆಗಿ ಸಾವಿರಾರು ಭಾಷೆಗಳಿಗೆ ಬೆಳೆಯಿತು. ಅದರ ಮೂರಕ್ಷರದ ಸಂಕೇತಗಳು 2007ರಲ್ಲಿ ಅಂತರರಾಷ್ಟ್ರೀಯ ಮಾನಕವಾದವು. ತುಳುವಿಗೂ ಕೊಡವಕ್ಕೂ ಇಂದು ಗಣಕಲೋಕದಲ್ಲಿ ಸ್ವಂತ ಗುರುತಿನ ಸಂಕೇತವಿದ್ದರೆ ಅದರ ಹಿಂದೆ ಈ ಹಾಳೆಗಳಿವೆ. ಇಲ್ಲೂ ಘಟಕದ ಪ್ರಶ್ನೆ ತಪ್ಪಿದ್ದಲ್ಲ. ನೀಲಗಿರಿಯ ಬಡಗ ಎತ್ನೊಲಾಗ್‌ನಲ್ಲಿ ಪ್ರತ್ಯೇಕ ಭಾಷೆ. ಭಾರತದ ಜನಗಣತಿಯಲ್ಲಿ ಅದು ಕನ್ನಡದ ಅಡಿಯಲ್ಲಿ ಬರುವ ಮಾತೃಭಾಷೆ. ಬಡಗರು ಅವರೇ, ಮಾತೂ ಅದೇ. ಎಣಿಸುವವರ ಗುರಿ ಬೇರೆ.

ನಾಲ್ಕನೆಯ ಘಟಕವಾದ ಜನಗುಂಪಿನ ಕಲ್ಪನೆಗೆ ಭಾರತದ ನೆಲವೇ ಮೂಲ. ಮೆಥಡಿಸ್ಟ್ ಪಾದ್ರಿ ವಾಸ್ಕಮ್ ಪಿಕೆಟ್ ಭಾರತದ ಸಾಮೂಹಿಕ ಮತಾಂತರಗಳನ್ನು ಕುಟುಂಬ ಕುಟುಂಬವಾಗಿ ವಿಚಾರಿಸಿ 1933ರಲ್ಲಿ ಅಧ್ಯಯನ ಪ್ರಕಟಿಸಿದ. ಅದರಿಂದ ಪ್ರಭಾವಿತನಾದ, ಮಧ್ಯ ಭಾರತದ ದಮೋಹ್‌ನಲ್ಲಿ ಹುಟ್ಟಿದ ಡೊನಾಲ್ಡ್ ಮೆಕ್‌ಗ್ಯಾವ್ರನ್, ಜನ ಒಬ್ಬೊಬ್ಬರಾಗಿ ಬರುವುದಿಲ್ಲ, ತಮ್ಮ ಕುಲದವರೊಡನೆ ಬರುತ್ತಾರೆ ಎಂದು 1955ರಲ್ಲಿ ವಾದಿಸಿದ. 1974ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ನಡೆದ ಸುವಾರ್ತಾ ಸಮ್ಮೇಳನದಲ್ಲಿ ಅಮೆರಿಕದ ಮಿಷನ್ ಚಿಂತಕ ರಾಲ್ಫ್ ವಿಂಟರ್ ಅದನ್ನು ಮುಂದಕ್ಕೊಯ್ದ: ದೇಶದಲ್ಲಿ ಸಭೆ ಇದ್ದರೆ ಸಾಲದು, ಭಾಷೆ ಮತ್ತು ಸಂಸ್ಕೃತಿಯ ಬೇಲಿಯೊಳಗೆ ಉಳಿದ ಗುಂಪುಗಳಿಗೆ ಅದು ತಲುಪಿಲ್ಲ. ಒಮ್ಮೆಲೇ ಲೋಕದ ನಕ್ಷೆಯಲ್ಲಿ ಸಾವಿರಾರು ಹೊಸ ಖಾಲಿ ಜಾಗಗಳು ಎದ್ದವು. ಅವನ್ನು ನಿಭಾಯಿಸಲು ಗಣಕಯಂತ್ರ ಬೇಕಾಯಿತು. 1983ರಲ್ಲಿ ಹುಟ್ಟಿದ ಗ್ಲೋಬಲ್ ಮ್ಯಾಪಿಂಗ್ ಇಂಟರ್‌ನ್ಯಾಷನಲ್ ಭಾಷಾ ಗಡಿಗಳನ್ನು ಗಣಕ ನಕ್ಷೆಗೆ ಇಳಿಸಿತು. ವಿಮಾನ ವಿಜ್ಞಾನ ಓದಿ ಕೆನ್ಯಾದಲ್ಲಿ ಪಾದ್ರಿಯಾಗಿ ದುಡಿದ ಡೇವಿಡ್ ಬ್ಯಾರೆಟ್ 1982ರಲ್ಲಿ ಪ್ರಕಟಿಸಿದ ಜಾಗತಿಕ ಕ್ರೈಸ್ತ ವಿಶ್ವಕೋಶ 20,800 ಪಂಗಡಗಳನ್ನು ಲೆಕ್ಕಹಾಕಿತು.

ಅರ್ಜೆಂಟೀನಾ ಮೂಲದ ಲೂಯಿಸ್ ಬುಶ್ 1990ರ ಹೊತ್ತಿಗೆ ಪ್ರಚಾರಕ್ಕೆ ತಂದ ‘10/40 ಕಿಟಕಿ’ ಈ ಎಲ್ಲಕ್ಕಿಂತ ಜನಪ್ರಿಯವಾಯಿತು. ಪಶ್ಚಿಮ ಆಫ್ರಿಕದಿಂದ ಪೂರ್ವ ಏಷ್ಯದವರೆಗೆ, ಉತ್ತರ ಅಕ್ಷಾಂಶ 10ರಿಂದ 40 ಡಿಗ್ರಿಯ ನಡುವಿನ ಆಯತ; ಸುವಾರ್ತೆ ಮುಟ್ಟದ ಜನ ಹೆಚ್ಚಾಗಿ ಇರುವುದು ಇದರೊಳಗೇ ಎಂಬುದು ಅದರ ಹಿಂದಿನ ವಾದ. ಕರ್ನಾಟಕ ಪೂರ್ತಿ ಅದರೊಳಗಿದೆ. 10 ಡಿಗ್ರಿ ರೇಖೆ ಕೊಚ್ಚಿಯ ಪಕ್ಕದಲ್ಲೇ ಹಾದುಹೋಗುವುದರಿಂದ ಹಳೆಯ ಸಿರಿಯನ್ ಕ್ರೈಸ್ತರ ಕೊಟ್ಟಾಯಂ ಕಿಟಕಿಯ ಹೊರಗೆ. ಶತಮಾನಗಳ ಕ್ಯಾಥೊಲಿಕ್ ಪರಂಪರೆಯ ಗೋವಾ, ಮಂಗಳೂರು ಒಳಗೆ. ಎಲ್ಲಕ್ಕಿಂತ ಹೆಚ್ಚು ಮುಸ್ಲಿಮರಿರುವ ಇಂಡೊನೇಷ್ಯವೂ ಹೊರಗೇ. ದೇಣಿಗೆ ಎತ್ತಲು ಈ ಆಯತ ಬಹಳ ಅನುಕೂಲವಾಯಿತು. ಪಾಂಡಿತ್ಯದ ಉಪಕರಣವಾಗಿ ಅದು ನಿಲ್ಲುವುದಿಲ್ಲ.

1995ರಲ್ಲಿ ಆರಂಭವಾದ ಜೋಶುವಾ ಪ್ರಾಜೆಕ್ಟ್ ಎಂಬ ಮಿಷನ್ ದತ್ತಾಂಶ ಯೋಜನೆ ಇನ್ನೂ ಸೂಕ್ಷ್ಮಕ್ಕೆ ಇಳಿಯಿತು. ಒಂದು ಗುಂಪಿನಲ್ಲಿ ಇವ್ಯಾಂಜೆಲಿಕಲರು ಶೇ. 2ನ್ನೂ ಒಟ್ಟು ಕ್ರೈಸ್ತರು ಶೇ. 5ನ್ನೂ ಮೀರದಿದ್ದರೆ ಅದು ‘ಮುಟ್ಟದ’ ಗುಂಪು. ಭಾರತದ ಮಟ್ಟಿಗೆ ಗುಂಪು ಎಂದರೆ ಜಾತಿ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಗಾಗಿ ಕೆ. ಎಸ್. ಸಿಂಗ್ 1985ರಲ್ಲಿ ಕೈಗೊಂಡ ‘ಪೀಪಲ್ ಆಫ್ ಇಂಡಿಯಾ’ ಯೋಜನೆ 4,635 ಸಮುದಾಯಗಳನ್ನು ದಾಖಲಿಸಿತ್ತು. ಮಿಷನ್ ದತ್ತಾಂಶ ಸಂಗ್ರಹಿಸುವವರಿಗೆ ಆ ಸಂಪುಟಗಳೂ ಆಕರವಾದವು. ಇದರಿಂದ ಒಂದು ತೊಡಕು ಹುಟ್ಟಿದೆ. ಜಾತಿಯನ್ನು ಬಿಡಬೇಕೆಂದೇ ಸಭೆಗೆ ಬಂದವನನ್ನು ದತ್ತಾಂಶ ಮತ್ತೆ ಆ ಜಾತಿಯ ಸಾಲಿನಲ್ಲೇ ಕೂರಿಸುತ್ತದೆ. ಮಿಷನ್ ಚಿಂತಕರು ಇದನ್ನು ಗಂಭೀರವಾಗಿ ಎದುರಿಸಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಕರ್ನಾಟಕದ ಒಂದು ದಲಿತ ಕ್ರೈಸ್ತ ಕುಟುಂಬವನ್ನು ತೆಗೆದುಕೊಳ್ಳಿ. ಜನಗಣತಿಯಲ್ಲಿ ಅದು ಕ್ರೈಸ್ತ. 1950ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ ಅನ್ವಯಿಸುವುದರಿಂದ ಆ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ, ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರೆಂದು, ಅದು ಪ್ರವರ್ಗ 1ಕ್ಕೆ ಸೇರುತ್ತದೆ. ಮಿಷನ್ ದತ್ತಾಂಶದಲ್ಲಿ ತನ್ನ ಹಳೆಯ ಜಾತಿಯ ಶೇಕಡಾವಾರಿನೊಳಗೆ ಕರಗಿರುತ್ತದೆ.