ಕರಿಲ್: ಒಂದೇ ಪಾತ್ರೆಯ ಕೋಳಿಯಡುಗೆಯ ಹಿಂದಿನ ದಾರಿ

ಗೋವೆಯಲ್ಲಿ ನೆಲೆಸಿರುವ ಕನ್ನಡಿಗರ ಅನೇಕ ಮನೆಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೊಸದೊಂದು ಅಡುಗೆ ರೂಢಿಯಾಗಿದೆ. ಕೋಳಿಯ ತುಂಡುಗಳಿಗೆ ಮೊಸರು, ಅರಿಶಿನ, ಖಾರ, ಶುಂಠಿ, ಬೆಳ್ಳುಳ್ಳಿ ಹಚ್ಚಿ, ಬಟಾಟೆ, ಈರುಳ್ಳಿಗಳೊಡನೆ ಅಗಲವಾದ ಒಂದೇ ಪಾತ್ರೆಯಲ್ಲಿ ಹರಡಿ, ಓವನ್ನಿನಲ್ಲಿಟ್ಟು ಬೇಯಿಸಿ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣುವ ರಾತ್ರಿಯೂಟವದು. ಮಕ್ಕಳು ಇದನ್ನು ಕರಿ ರೋಸ್ಟ್ ಎನ್ನುತ್ತಾರೆ. ಹಿರಿಯರು ಇಂಗ್ಲಿಷರ ಊಟವೆಂದು ನಕ್ಕು, ಎರಡನೆಯ ಸಲ ಬಡಿಸಿಕೊಳ್ಳುತ್ತಾರೆ. ಈ ಅಡುಗೆ ನಮ್ಮದೇ, ಹೊರಗಿನದೇ ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕಹೊರಟರೆ ದಾರಿ ದೂರದ ದೇಶಗಳನ್ನು ಸುತ್ತಿ, ಕೊನೆಗೆ ಇದೇ ಗೋವೆಯ ನೆಲಕ್ಕೂ ನಮ್ಮ ನುಡಿಗೂ ಬಂದು ಮುಟ್ಟುತ್ತದೆ.

ಮೊದಲು ‘ಕರಿ’ ಎಂಬ ಮಾತನ್ನೇ ನೋಡೋಣ. ಇಂಗ್ಲಿಷಿನ ಈ ಶಬ್ದ ದ್ರಾವಿಡ ಮೂಲದ್ದೆಂಬುದನ್ನು ವಿದ್ವಾಂಸರು ಬಹು ಹಿಂದೆಯೇ ಗುರುತಿಸಿದ್ದಾರೆ. ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಅವರು ಸಿದ್ಧಪಡಿಸಿದ, 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ಎಂಬ ಆಂಗ್ಲೋ-ಇಂಡಿಯನ್ ಶಬ್ದಕೋಶವು ಈ ಪದಕ್ಕೆ ತಮಿಳಿನ ‘ಕರಿ’ಯನ್ನು ಮೂಲವಾಗಿ ಕೊಟ್ಟು, ಅದರ ಬೆನ್ನಿಗೇ ಇನ್ನೊಂದು ಸಂಗತಿಯನ್ನು ಹೇಳುತ್ತದೆ. ಪೋರ್ಚುಗೀಸರು ಎತ್ತಿಕೊಂಡದ್ದು ‘ಕರಿಲ್’ ಎಂಬ ಕನ್ನಡದ ರೂಪವನ್ನು; ಗೋವೆಯಲ್ಲಿ ಅದು ಇನ್ನೂ ಬಳಕೆಯಲ್ಲಿದೆ ಎಂಬುದು ಆ ಕೋಶಕಾರರ ನಿಲುವು. ಬರ್ನೆಲ್ ದಕ್ಷಿಣದ ಭಾಷೆಗಳನ್ನು ಬಲ್ಲ ಪಂಡಿತ. ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದು ತುಳುನಾಡಿನ ಪಾಡ್ದನಗಳನ್ನು ಸಂಗ್ರಹಿಸಿದವನು. ಆದುದರಿಂದ ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇಂದಿನ ನಮ್ಮ ಮಾತಿನಲ್ಲಿ ಸಾರು, ಪಲ್ಯ, ಗಸಿ, ಹುಳಿ ಎಂಬಿವು ಉಳಿದಿವೆ. ‘ಕರಿಲ್’ ಪೋರ್ಚುಗೀಸ್ ಭಾಷೆಯಲ್ಲಿ ಇಂದಿಗೂ ‘ಕರಿಲ್’ ಆಗಿಯೇ ಉಳಿದಿದೆ.

ಹೀಗಾದುದರಲ್ಲಿ ಅಚ್ಚರಿಯೇನಿಲ್ಲ. ಗೋವೆಯನ್ನು ಆಳಿದ ಕದಂಬರ ಶಾಸನಗಳಲ್ಲಿ ಕನ್ನಡವಿದೆ. ಮುಂದೆ ಈ ನೆಲ ವಿಜಯನಗರ, ಬಹಮನಿ, ಬಿಜಾಪುರಗಳ ಕೈಗೆ ಬಂದಿತು. 1510ರಲ್ಲಿ ಅಫೊನ್ಸೊ ಡಿ ಅಲ್ಬುಕರ್ಕ್ ಬಿಜಾಪುರದವರಿಂದ ಗೋವೆಯನ್ನು ಕಸಿದುಕೊಂಡಾಗ ಅವನಿಗೆ ನೆರವಾದ ತಿಮ್ಮಯ್ಯ ಹೊನ್ನಾವರದ ಕಡೆಯವನು. ಘಟ್ಟದ ಮೇಲಿನ ಮೆಣಸು, ಅಕ್ಕಿಗಳು ಹೊನ್ನಾವರ, ಭಟ್ಕಳ, ಬಸರೂರುಗಳ ಬಂದರುಗಳಿಂದ ಹಡಗೇರುತ್ತಿದ್ದ ಕಾಲವದು. ವ್ಯಾಪಾರಿಯ ಮೂಟೆಯೊಡನೆ ಅಡುಗೆಯವನ ಮಾತೂ ದಾಟುವುದು ಸಹಜ.

ಗೋವೆಯಲ್ಲಿಯೇ 1563ರಲ್ಲಿ ಒಂದು ಗ್ರಂಥ ಅಚ್ಚಾಯಿತು. ಪೋರ್ಚುಗೀಸ್ ವೈದ್ಯ ಗಾರ್ಸಿಯಾ ಡ ಓರ್ಟಾ ಬರೆದ, ಭಾರತದ ಔಷಧಿದ್ರವ್ಯಗಳನ್ನು ಕುರಿತ ಸಂವಾದರೂಪದ ಪುಸ್ತಕವದು. ತೆಂಗಿನ ವಿಚಾರ ಬಂದಾಗ ಆತ ಇಲ್ಲಿಯ ಜನ ಕೋಳಿ ಮತ್ತು ಇತರ ಮಾಂಸಗಳಿಂದ ಮಾಡುವ ‘ಕರಿಲ್’ ಎಂಬ ಅಡುಗೆಯನ್ನು ಹೆಸರಿಸುತ್ತಾನೆ. ಯುರೋಪಿನವನೊಬ್ಬ ಈ ಪದವನ್ನು ಬರೆದಿಟ್ಟ ಹಳೆಯ ದಾಖಲೆಗಳಲ್ಲಿ ಇದೊಂದು. ಅದರಲ್ಲಿ ಮೊದಲು ಬರುವ ಹೆಸರೇ ಕೋಳಿ. ಇದಾದ ಅರುವತ್ತು ವರ್ಷಗಳಿಗೆ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವೆಗೆ ಬಂದ. 1623ರಲ್ಲಿ ಇಲ್ಲಿಂದ ಹೊರಟು ಹೊನ್ನಾವರದ ಮಾರ್ಗವಾಗಿ ಇಕ್ಕೇರಿಗೆ ಹೋಗಿ ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡವನು ಈತನೇ. ಕರಿಲ್ ಹೇಗೆ ಮಾಡುತ್ತಾರೆಂಬುದನ್ನು ಈತ ಇನ್ನಷ್ಟು ವಿವರವಾಗಿ ತಿಳಿಸುತ್ತಾನೆ: ಬೆಣ್ಣೆ, ತೆಂಗಿನ ತಿರುಳು, ಏಲಕ್ಕಿ, ಶುಂಠಿ ಮೊದಲಾದ ಸಾಂಬಾರ ಪದಾರ್ಥಗಳು, ಕಾಯಿಪಲ್ಯ; ಕ್ರೈಸ್ತರು ಇದಕ್ಕೆ ಮಾಂಸವನ್ನೋ ಮೀನನ್ನೋ ಮೊಟ್ಟೆಯನ್ನೋ ಸೇರಿಸುತ್ತಾರೆ; ಎಲ್ಲವನ್ನೂ ಒಟ್ಟಿಗೆ ಬೇಯಿಸಿ, ನೀರುಪ್ಪಿನಲ್ಲಿ ಬೆಂದ ಅನ್ನದ ಮೇಲೆ ಸುರಿಯುತ್ತಾರೆ. ಒಂದು ಪಾತ್ರೆಯಲ್ಲಿ ಎಲ್ಲವೂ ಬೆಂದು, ಒಂದರ ರಸ ಇನ್ನೊಂದಕ್ಕೆ ಇಳಿಯುವ ಅಡುಗೆ ಆ ಯಾತ್ರಿಕನಿಗೆ ರುಚಿಸಿತ್ತು.

ಈ ವಿವರದಲ್ಲಿ ಮೆಣಸಿನಕಾಯಿಯ ಹೆಸರಿಲ್ಲ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದದ್ದು. ಅದಕ್ಕೂ ಮೊದಲು ನಮ್ಮ ಖಾರವೆಂದರೆ ಮೆಣಸು, ಶುಂಠಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ಕೆಂಡದ ಮೇಲೆ ಸುಡುವ, ಕಡ್ಡಿಗೆ ಚುಚ್ಚಿ ಹುರಿಯುವ ಮಾಂಸದ ಪಾಕಗಳಿವೆ. ಇಂಗು, ಜೀರಿಗೆ, ಶುಂಠಿ, ಮೆಣಸುಗಳು ಅಲ್ಲಿಯ ಸಾಂಬಾರಗಳು. ಹೊಸ ಕಾಯಿ ಬಂದಾಗ ಕನ್ನಡ ಅದಕ್ಕೆ ಹೊರಗಿನ ಹೆಸರನ್ನು ತರಲಿಲ್ಲ; ಮೆಣಸಿನಂತೆ ಖಾರವಾದ ಕಾಯಿ ಎಂದು ‘ಮೆಣಸಿನಕಾಯಿ’ ಎಂದಿತು. ಆಮೇಲೆ ಹೊಸದೇ ಮನೆಯ ಯಜಮಾನನಾಯಿತು. ಹಳೆಯ ಮೆಣಸು ತನ್ನನ್ನು ಗುರುತಿಸಿಕೊಳ್ಳಲು ವಿಶೇಷಣವನ್ನು ಹೊರಬೇಕಾಗಿ ಬಂದು ಕರಿಮೆಣಸು, ಕಾಳುಮೆಣಸು ಆಯಿತು. ಕಾಸರಗೋಡು, ದಕ್ಷಿಣ ಕನ್ನಡಗಳ ಮನೆಗಳಲ್ಲಿ ಅದನ್ನು ಇನ್ನೂ ‘ಒಳ್ಳೆಮೆಣಸು’ ಎನ್ನುತ್ತಾರೆ. ಹಳಬನಿಗೆ ಸಲ್ಲಿಸಿದ ಮರ್ಯಾದೆಯಂತೆ ಕೇಳಿಸುವ ಹೆಸರದು. ಬಟಾಟೆಯ ಕಥೆ ಬೇರೆ. ಅದೂ ಅಮೆರಿಕದ್ದೇ, ಆದರೆ ಅದು ಪೋರ್ಚುಗೀಸ್ ಹೆಸರನ್ನು ಹೊತ್ತೇ ಕರಾವಳಿಯ ಕನ್ನಡಕ್ಕೆ ಇಳಿಯಿತು.

ಇನ್ನು ಕೋಳಿ. ಮನೆಗೋಳಿಯ ಮುಖ್ಯ ಪೂರ್ವಜ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಆದರೆ ಜಗತ್ತಿನ ಬಹುಪಾಲು ವಾಣಿಜ್ಯ ಕೋಳಿಗಳ ಚರ್ಮಕ್ಕೂ ಕಾಲಿಗೂ ಇರುವ ಹಳದಿ ಬಣ್ಣ ಕೆಂಪು ಕಾಡುಕೋಳಿಯಿಂದ ಬಂದದ್ದಲ್ಲ. ಆ ಗುಣದ ವಂಶವಾಹಿ ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಬೆರೆತದ್ದೆಂದು 2008ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಪಶ್ಚಿಮ ಘಟ್ಟದಲ್ಲಿ, ವಯನಾಡು, ನೀಲಗಿರಿಗಳ ಕಾಡಂಚಿನಲ್ಲಿ ಬೆಳಗಿನ ಹೊತ್ತು ಕೂಗುವ ಆ ಹಕ್ಕಿಯ ಒಂದು ಅಂಶ ಇಂದು ದೇಶದೇಶಗಳ ಕೋಳಿಗೂಡುಗಳಲ್ಲಿದೆ.

ಕರಿಲ್ ಇಂಗ್ಲೆಂಡಿಗೆ ಹೋದ ಬಗೆ ಸ್ವಾರಸ್ಯವಾದುದು. 1747ರಲ್ಲಿ ಹ್ಯಾನಾ ಗ್ಲಾಸ್ ಎಂಬಾಕೆ ಲಂಡನ್ನಿನಲ್ಲಿ ಪ್ರಕಟಿಸಿದ ಅಡುಗೆಯ ಪುಸ್ತಕದಲ್ಲಿ ಭಾರತದ ರೀತಿಯ ಕರಿಯ ಪಾಕವಿದೆ. ಎರಡು ಕೋಳಿ ಇಲ್ಲವೆ ಮೊಲ, ಮೂರು ನಾಲ್ಕು ಸಣ್ಣ ಈರುಳ್ಳಿ, 30 ಕಾಳು ಮೆಣಸು, ಒಂದು ದೊಡ್ಡ ಚಮಚ ಅಕ್ಕಿ. ಕೊತ್ತಂಬರಿ ಬೀಜವನ್ನು ಮಾತ್ರ ಶುಚಿಯಾದ ಸಲಿಕೆಯ ಮೇಲಿಟ್ಟು ಬೆಂಕಿಯಲ್ಲಿ ಹುರಿಯಬೇಕು. ಕೊತ್ತಂಬರಿ ಹುರಿಯಲು ಆಕೆಯ ಅಡುಗೆಮನೆಯಲ್ಲಿ ಹಂಚಿರಲಿಲ್ಲ. ಹುರಿಯದೆ ಪರಿಮಳ ಬಾರದೆಂಬ ತಿಳಿವಳಿಕೆ ಮಾತ್ರ ಕಡಲು ದಾಟಿ ತಲುಪಿತ್ತು. ಪುಸ್ತಕದ ಮುಂದಿನ ಆವೃತ್ತಿಗಳಲ್ಲಿ ಅರಿಶಿನ, ಶುಂಠಿ ಸೇರಿಕೊಂಡವು. 1810ರಲ್ಲಿ ಶೇಕ್ ದೀನ್ ಮಹಮ್ಮದ್ ಲಂಡನ್ನಿನಲ್ಲಿ ‘ಹಿಂದೂಸ್ತಾನಿ ಕಾಫಿ ಹೌಸ್’ ತೆರೆದ. ಅದು ಬಹುಕಾಲ ನಡೆಯಲಿಲ್ಲ. ಆದರೆ ಆ ವೇಳೆಗೆ ಸಿದ್ಧ ಕರಿಪುಡಿ ಅಂಗಡಿಗೆ ಬಂದಿತ್ತು. ಭಾರತದಿಂದ ಮರಳಿದ ಕಂಪನಿಯ ನೌಕರರ ಮನೆಗಳಲ್ಲಿ ಅದಕ್ಕೆ ಬೇಡಿಕೆಯಿತ್ತು.

ಕರಿಪುಡಿಯೆಂಬುದು ಆಂಗ್ಲರ ಕಲ್ಪನೆ, ನಮ್ಮಲ್ಲಿ ಪ್ರತಿಯೊಂದು ಅಡುಗೆಗೂ ಆಗಿಂದಾಗಲೇ ಮಸಾಲೆ ಅರೆಯುತ್ತಿದ್ದರು ಎಂಬ ಮಾತನ್ನು ಪದೇ ಪದೇ ಕೇಳುತ್ತೇವೆ. ಕರಾವಳಿಯ ಮಟ್ಟಿಗೆ ಇದು ನಿಜ. ಹಸಿ ತೆಂಗು ಹಾಕಿ ಅರೆದ ಮಸಾಲೆ ಮರುದಿನಕ್ಕೆ ನಿಲ್ಲದು. ಆದರೆ ಬಯಲುಸೀಮೆಯ ನ್ಯಾಯ ಬೇರೆ. ವಿಜಯಪುರ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕಡೆ ಬೇಸಗೆಯ ಬಿಸಿಲಿನಲ್ಲಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಒಣಕೊಬ್ಬರಿ, ಎಳ್ಳು ಮುಂತಾದವನ್ನು ಹುರಿದು ಕುಟ್ಟಿ ವರ್ಷಕ್ಕಾಗುವಷ್ಟು ಮಸಾಲೆಖಾರ ಮಾಡಿ ತುಂಬಿಡುವ ರೂಢಿ ಇಂದಿಗೂ ಇದೆ. ಹೊಲದ ಕೆಲಸದಿಂದ ಸಂಜೆ ಮರಳಿದವಳಿಗೆ ಅರೆಯುವ ವೇಳೆಯೆಲ್ಲಿ? ಡಬ್ಬಿಯಿಂದ ಒಂದು ಚಮಚ ತೆಗೆದು ಹಾಕಿದರೆ ಸಾರು ಸಿದ್ಧ. ಗೋವೆಗೆ ದುಡಿಯಲು ಬಂದ ನಮ್ಮ ಕುಟುಂಬಗಳ ಗಂಟಿನಲ್ಲಿ ಜೋಳದ ಹಿಟ್ಟಿನ ಜೊತೆಗೆ ಬಂದದ್ದು ಈ ಡಬ್ಬಿಯೇ.

‘ರೋಸ್ಟ್’ ಎಂಬ ಇನ್ನೊಂದು ಮಾತಿಗೂ ಇಲ್ಲಿ ಪೂರ್ವಜರಿದ್ದಾರೆ. ಬೇಯಿಸಿದ್ದು, ಸುಟ್ಟದ್ದು ಎಂಬರ್ಥದ ಪೋರ್ಚುಗೀಸಿನ ‘ಅಸ್ಸಾದು’ವಿನಿಂದ ಬಂದ ಗೋವೆಯ ರೋಸ್ಟ್ ಅಡುಗೆ ಓವನ್ನನ್ನು ಬಯಸುವುದಿಲ್ಲ. ಮುಚ್ಚಿದ ಪಾತ್ರೆಯಲ್ಲಿ ಇಡೀ ಸಾಂಬಾರ ಪದಾರ್ಥಗಳೊಡನೆ ಒಲೆಯ ಮೇಲೆಯೇ ಮಾಂಸ ನಿಧಾನವಾಗಿ ಬೆಂದು, ನೀರಾರಿ, ಕೆಂಪಾಗುತ್ತದೆ. ಓವನ್ನಿಲ್ಲದ ಮನೆಗಳಲ್ಲಿ ಮೇಲಿನಿಂದಲೂ ಶಾಖ ಬೇಕಾದಾಗ ಮುಚ್ಚಳದ ಮೇಲೆ ಕೆಂಡ ಹರಡುವ ಉಪಾಯ ದೇಶದ ಉದ್ದಗಲಕ್ಕೂ ಇತ್ತು. ಮೇಲೆ ಕೆಳಗೆ ಶಾಖ, ನಡುವೆ ಒಂದೇ ಪಾತ್ರೆ: ಇಂದಿನ ಓವನ್ ಮಾಡುವ ಕೆಲಸವೂ ಇದೇ.

ಹಾಗಾದರೆ ನಮ್ಮ ಅಜ್ಜಿಯರು ಕೋಳಿಯನ್ನು ಹೀಗೆ ಒಣಶಾಖದಲ್ಲಿ ಬೇಯಿಸದೆ ಸಾರು ಮಾಡಿದ್ದೇಕೆ? ಕಾರಣ ಹಕ್ಕಿಯಲ್ಲಿಯೇ ಇದೆ. ನಾಟಿಕೋಳಿ ಅಂಗಳದಲ್ಲಿ ಓಡಾಡಿ ಬೆಳೆದದ್ದು. ಮೊಟ್ಟೆಯಿಟ್ಟು ಮುಗಿಸಿದ ಮೇಲೆ ಅಡುಗೆಗೆ ಬಂದದ್ದು. ಅದರ ಗಟ್ಟಿ ಮಾಂಸ ಮೃದುವಾಗಲು ಬಹಳ ಹೊತ್ತು ನೀರಿನಲ್ಲಿ ಕುದಿಯಲೇಬೇಕು. ಒಂದು ಕೋಳಿ ಹತ್ತು ಜನರ ಮುದ್ದೆಗೋ ರೊಟ್ಟಿಗೋ ಸಾಲಬೇಕಾದರೆ ಸಾರೇ ದಾರಿ. ಆದುದರಿಂದ ಮಡಕಶಿರಾ, ತಾಳವಾಡಿಗಳಲ್ಲಿ ಕೋಳಿಸಾರಿಗೆ ರಾಗಿಮುದ್ದೆ, ಕಾಸರಗೋಡಿನಲ್ಲಿ ಗರಿಗರಿಯಾದ ಅಕ್ಕಿರೊಟ್ಟಿಯ ಮೇಲೆ ಕೋಳಿಯ ಗಸಿ, ಸೊಲ್ಲಾಪುರದಲ್ಲಿ ಜೋಳದ ರೊಟ್ಟಿ. ಕೆಲವೇ ವಾರಗಳಲ್ಲಿ ಬೆಳೆಯುವ ಬ್ರಾಯ್ಲರ್ ಕೋಳಿ ಬಂದ ಮೇಲೆಯೇ ಮುಕ್ಕಾಲು ಗಂಟೆಯ ಒಣಶಾಖದಲ್ಲಿ ಬೇಯುವ ಊಟ ಸಾಮಾನ್ಯ ಸಂಸಾರದ ಕೈಗೆ ನಿಲುಕಿತು.

ಮಾಡುವ ಕ್ರಮ ಕಠಿಣವಲ್ಲ. ಎಲುಬು ಸಹಿತವಾದ ಒಂದು ಕಿಲೋ ಕೋಳಿಗೆ ಅರ್ಧ ಬಟ್ಟಲು ಗಟ್ಟಿ ಮೊಸರು, ಶುಂಠಿ ಬೆಳ್ಳುಳ್ಳಿ, ಅರಿಶಿನ, ಎರಡು ಚಮಚ ಮಸಾಲೆಖಾರ, ಉಪ್ಪು, ಎಣ್ಣೆ ಹಚ್ಚಿ ಎರಡು ಗಂಟೆ ತಣ್ಣಗಿಡಬೇಕು. ಮೂರು ಬಟಾಟೆ, ಎರಡು ಈರುಳ್ಳಿಗಳನ್ನು ದಪ್ಪಗೆ ಹೆಚ್ಚಿ ಪಾತ್ರೆಯ ತಳಕ್ಕೆ ಹರಡಿ, ಮೇಲೆ ಕೋಳಿಯನ್ನು ಒಂದರ ಮೇಲೊಂದು ಬಾರದಂತೆ ಜೋಡಿಸಬೇಕು. ಒತ್ತಿದರೆ ನೀರು ಬಿಟ್ಟು ಬೇಯುತ್ತದೆಯೇ ಹೊರತು ಕೆಂಪಾಗುವುದಿಲ್ಲ. 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 45ರಿಂದ 50 ನಿಮಿಷ ಸಾಕು. ಕೋಳಿಯಿಂದ ಇಳಿದ ಕೊಬ್ಬನ್ನೂ ಮಸಾಲೆಯನ್ನೂ ಬಟಾಟೆ ಹೀರಿಕೊಳ್ಳುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಖಾರವಾದರೆ ಬಣ್ಣ ಹೆಚ್ಚು, ಉರಿ ಕಡಮೆ, ಮಕ್ಕಳೂ ಉಣ್ಣುತ್ತಾರೆ.

ಈಗ ಮೊದಲಿನ ಪ್ರಶ್ನೆ. ಈ ಪಾತ್ರೆಯಲ್ಲಿ ಘಟ್ಟದ ಮೆಣಸಿದೆ, ಅಮೆರಿಕದ ಬಟಾಟೆಯಿದೆ, ಬಯಲುಸೀಮೆಯ ಖಾರವಿದೆ. ಹೆಸರು ಮಾತ್ರ ಈ ಕರಾವಳಿಯಿಂದ ಹೊರಟು ಲಿಸ್ಬನ್, ಲಂಡನ್‌ಗಳನ್ನು ಕಂಡು ಮರಳಿದೆ. ಇದನ್ನು ಪರದೇಶದ ಊಟವೆಂದು ಬಿಟ್ಟುಕೊಡಬೇಕಾಗಿಲ್ಲ. ಸಂಪೂರ್ಣ ನಮ್ಮದೆಂದು ಹೇಳಿಕೊಳ್ಳುವುದೂ ಸರಿಯಲ್ಲ.

ಆದರೆ ಇಲ್ಲಿ ಯೋಚಿಸಬೇಕಾದ ಸಂಗತಿಯೊಂದಿದೆ. ಕನ್ನಡದಲ್ಲಿ ಪಾಕಶಾಸ್ತ್ರದ ಬರವಣಿಗೆ ಹಳೆಯದು. ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಹದಿನಾರನೆಯ ಶತಮಾನದ ಆರಂಭದ್ದು. ಜೈನಕವಿಯ ಆ ಗ್ರಂಥದಲ್ಲಿ ಮಾಂಸದ ಪಾಕವಿರುವುದು ಸಾಧ್ಯವಿಲ್ಲ. ಅರಮನೆಯ ಮಾಂಸದಡುಗೆ ಸಂಸ್ಕೃತದಲ್ಲಿ ಉಳಿಯಿತು. ದುಡಿಯುವವರ ಮನೆಯ ಕೋಳಿಸಾರು ಯಾವ ಓಲೆಯ ಮೇಲೂ ಏರಲಿಲ್ಲ. ಗೋವೆಯ ಕರಿಲ್ಲಿನ ಬಗೆ ನಮಗೆ ತಿಳಿಯುವುದು ವೈದ್ಯನೊಬ್ಬನೂ ಯಾತ್ರಿಕನೊಬ್ಬನೂ ಅದನ್ನು ಪೋರ್ಚುಗೀಸ್, ಇಟಾಲಿಯನ್ ಭಾಷೆಗಳಲ್ಲಿ ಬರೆದಿಟ್ಟುದರಿಂದ. ಅದನ್ನು ದಿನವೂ ಮಾಡುತ್ತಿದ್ದ ಹೆಂಗಸರ ಮಾತು ನಮಗೆ ದೊರೆಯುವುದಿಲ್ಲ.

ಗಡಿಯಾಚೆಯ ಮನೆಗಳಲ್ಲಿ ಈ ನಷ್ಟ ಇನ್ನೂ ಬೇಗನೆ ಆಗುತ್ತದೆ. ಕೊಂಕಣಿ, ಮರಾಠಿ, ಇಂಗ್ಲಿಷುಗಳಲ್ಲಿ ಓದುವ ಮಕ್ಕಳಿಗೆ ಕನ್ನಡದ ಅಕ್ಷರ ದೂರವಾದರೂ ಒಗ್ಗರಣೆ, ಹದ, ಕಮಟು, ಒಗರು ಎಂಬ ಮಾತುಗಳು ಒಲೆಯ ಬಳಿ ಕಿವಿಗೆ ಬೀಳುತ್ತಲೇ ಇರುತ್ತವೆ. ಮಸಾಲೆಖಾರದ ಅಳತೆಯನ್ನು ಅಂಗೈಯಲ್ಲೇ ತಿಳಿದ ತಾಯಂದಿರು ಇನ್ನೂ ನಮ್ಮ ನಡುವೆ ಇದ್ದಾರೆ. ಸಂಘದ ಪ್ರತಿಯೊಂದು ಕುಟುಂಬವೂ ತನ್ನ ಮನೆಯ ಒಂದು ಅಡುಗೆಯನ್ನು, ಅದು ಸಸ್ಯಾಹಾರವಿರಲಿ ಮಾಂಸಾಹಾರವಿರಲಿ, ಮನೆಯ ಮಾತಿನಲ್ಲಿಯೇ ಕನ್ನಡ ಲಿಪಿಯಲ್ಲಿ ಬರೆದುಕೊಟ್ಟರೆ, ಬರೆಯಲು ಬಾರದ ಹಿರಿಯರು ಹೇಳಿದ್ದನ್ನು ಮೊಮ್ಮಕ್ಕಳು ಬರೆದುಕೊಂಡರೆ, ಮುಂದಿನ ಸಮ್ಮೇಳನದ ವೇಳೆಗೆ ಒಂದು ಪುಸ್ತಕವಾಗುತ್ತದೆ. ಬರೆಯುವ ನೆವದಲ್ಲಿ ಮಗುವೊಂದು ನಾಲ್ಕು ಅಕ್ಷರ ಕಲಿತರೆ ಅದೂ ಲಾಭವೇ.