ಚಂದಾ ಪಟ್ಟಿ ಮತ್ತು ಹಾಡಿನ ಆಯ್ಕೆ: ಕಡೂರು, ತರೀಕೆರೆ, ಅಜ್ಜಂಪುರಗಳ ರಸಮಂಜರಿ ವೇದಿಕೆ

ಬೆಂಗಳೂರಿನ ರಾಕ್ ಸಂಗೀತದ ಚರಿತ್ರೆಯಿಂದ ಸಣ್ಣ ಕ್ಲಬ್ಬುಗಳನ್ನು ಬೇರ್ಪಡಿಸಲಾಗದು. 1996ರಲ್ಲಿ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್, 2002ರ ಸ್ವರಾತ್ಮದಂಥ ತಂಡಗಳ ಸ್ವಂತ ಹಾಡುಗಳಿಗೆ ಕೇಳುಗರು ಒದಗಿದ್ದರಲ್ಲಿ ಆ ಕ್ಲಬ್ಬುಗಳ ಪಾಲಿದೆ. ಅಲ್ಲಿ ಖರ್ಚಿನ ಹಣ ಹುಟ್ಟುವುದು ಪ್ರವೇಶ ಶುಲ್ಕ ಮತ್ತು ಊಟ, ಪಾನೀಯದ ಬಿಲ್ಲಿನಿಂದ. ಬಂದವರು ಒಪ್ಪಿದರೆ ಸಾಕು, ಊರೆಲ್ಲ ಒಪ್ಪಬೇಕಿಲ್ಲ.

ಇತ್ತ ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಗಿಟಾರು, ಕೀಬೋರ್ಡು, ರಿದಮ್ ಪ್ಯಾಡುಗಳು ಜನರೆದುರು ಬರುವುದು ಹೆಚ್ಚಾಗಿ ಗಣೇಶೋತ್ಸವ, ರಾಜ್ಯೋತ್ಸವ, ಜಾತ್ರೆಗಳ ರಸಮಂಜರಿ ಎಂಬ ಹಾಡಿನ ಕಾರ್ಯಕ್ರಮದಲ್ಲಿ. ಟಿಕೆಟ್ಟಿಲ್ಲ. ಮನೆ, ಅಂಗಡಿಗಳಿಂದ ಎತ್ತಿದ ಚಂದಾದಲ್ಲೇ ತಂಡದ ಸಂಭಾವನೆ, ಮೈಕ್‌ಸೆಟ್ಟಿನ ಬಾಡಿಗೆ ಎರಡೂ ತೂಗಬೇಕು. ಇಲ್ಲಿ ಸ್ವಂತ ರಚನೆ ವಿರಳವಾಗಲು ಈ ಚಂದಾ ಪಟ್ಟಿಯೇ ಮುಖ್ಯ ಕಾರಣವೆಂಬುದು ನನ್ನ ವಾದ. ಪ್ರತಿಭೆಯನ್ನು ದೂರುವುದು ಸುಲಭದ ವಿವರಣೆ. ಎಲ್ಲ ಮನೆಯಿಂದ ಹಣ ಪಡೆದ ಉತ್ಸವ ಸಮಿತಿ ಎಲ್ಲ ಮನೆಯನ್ನೂ ಮೆಚ್ಚಿಸಬೇಕು. ಗಣಪತಿ ಸ್ತುತಿಯಿಂದ ಹೊರಟು, ರಾಜ್‌ಕುಮಾರ್, ವಿಷ್ಣುವರ್ಧನ್ ಚಿತ್ರಗೀತೆಗಳನ್ನು ಹಾದು, ಕುಣಿತದ ಹೊಸ ಹಾಡಿಗೆ ತಲುಪುವ ಪರಿಚಿತ ಕ್ರಮ ಹಾಗೆ ಬಂದದ್ದು. ನಡುವೆ ದಾನಿಗಳ ಸನ್ಮಾನ. ಶಾಲು ಹೊದಿಸುವ ಹೊತ್ತಿನಲ್ಲಿ ಎರಡು ಹಾಡು ಮುಗಿಸಬಹುದು.

ಹೊತ್ತಿಗೆ ಕಾನೂನಿನ ಗಡಿಯೂ ಇದೆ. 2000ರ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬಗಳಿಗಾಗಿ ಮಧ್ಯರಾತ್ರಿವರೆಗೆ ಸರ್ಕಾರ ಕೊಡಬಹುದಾದ ಸಡಿಲಿಕೆ ವರ್ಷಕ್ಕೆ 15 ದಿನ ಮೀರದು. ಸಭಾಂಗಣದಂಥ ಮುಚ್ಚಿದ ಜಾಗಕ್ಕೆ ವಿನಾಯಿತಿಯಿದೆ, ಪೆಂಡಾಲಿಗಿಲ್ಲ. ಭಾಷಣ ಬೆಳೆದಷ್ಟೂ ಮೊದಲು ಬಿಟ್ಟುಹೋಗುವುದು ಯಾರೂ ಕೇಳಿರದ ಹಾಡು.

ಕ್ಲಬ್ಬಿನಲ್ಲಿ ಕಾಣುವಂಥ ಸಣ್ಣ ಗುಂಪಿನ ಆಸ್ಥೆಯ ಕೇಳ್ಮೆ ಈ ಸೀಮೆಗೆ ಹೊಸದೇನಲ್ಲ. ಕಡೂರು ತಾಲ್ಲೂಕಿನ ದೇವನೂರು ಲಕ್ಷ್ಮೀಶನ ಊರು. ವಾರ್ಧಕ ಷಟ್ಪದಿಯ ಅವನ ಜೈಮಿನಿ ಭಾರತವನ್ನು ಮನೆಮನೆಗೆ ಮುಟ್ಟಿಸಿದವರು ಜಗಲಿಯ, ಗುಡಿಯ ಗಮಕಿಗಳು. ಹಳ್ಳಿಯ ಭಜನೆಯನ್ನೂ ಇಲ್ಲಿ ಗಮನಿಸಬೇಕು. ಹಾರ್ಮೋನಿಯಂ, ತಾಳಗಳಿದ್ದರೆ ಭಜನೆ ಕೂಡುತ್ತದೆ. ಖರ್ಚು ಕಡಿಮೆಯಾದ್ದರಿಂದ ಮುಂದಿನ ಪದ ಯಾವುದೆಂದು ಹಾಡುವವರೇ ನಿರ್ಧರಿಸುತ್ತಾರೆ. ರಘು ದೀಕ್ಷಿತ್ ಗಿಟಾರಿಗೆ ಒಗ್ಗಿಸಿದ ಶಿಶುನಾಳ ಶರೀಫರ ತತ್ವಪದಗಳು ಭಜನೆಯಲ್ಲಿ ಎಂದಿನಿಂದಲೋ ಇವೆ. ಆಯ್ಕೆಯ ಸ್ವಾತಂತ್ರ್ಯವನ್ನು ಅಳತೆಗೋಲಾಗಿ ಹಿಡಿದರೆ ಕ್ಲಬ್ಬಿಗೆ ಹತ್ತಿರದ್ದು ಭಜನೆ. ವಿದ್ಯುತ್ ವಾದ್ಯಗಳಿದ್ದೂ ರಸಮಂಜರಿ ದೂರದ್ದು.

ಈ ವಾದವನ್ನು ಪರೀಕ್ಷಿಸುವುದು ಕಷ್ಟವಲ್ಲ. ಯಾವುದಾದರೂ ಸಮುದಾಯ ಭವನದಲ್ಲಿ, ದಾನಿಗಳಿಲ್ಲದೆ, ಸಣ್ಣ ದರದ ಟಿಕೆಟ್ಟಿಟ್ಟು ಅದೇ ಕಲಾವಿದರಿಂದ ಹಾಡಿಸಿ, ಎರಡೂ ಕಡೆಯ ಹಾಡುಗಳ ಪಟ್ಟಿಯನ್ನು ಹೋಲಿಸಿ ನೋಡಬಹುದು.