ಬೀದಿಜಾಲ ಮತ್ತು ನಗರವಿಸ್ತರಣ: ಕೊಪ್ಪಳ ಸೀಮೆ

ಬೀದಿಗಳು ಪರಸ್ಪರ ಸಂಧಿಸುವ ಕೂಡುದಾರಿಗಳ ಸಾಂದ್ರತೆಯಿಂದಲೂ, ಮುಂದೆ ಹಾದಿಯಿಲ್ಲದೆ ಕೊನೆಗೊಳ್ಳುವ ಬೀದಿಗಳ ಪ್ರಮಾಣದಿಂದಲೂ ನಗರವೊಂದರ ಸಂಪರ್ಕಗುಣವನ್ನು ಅಳೆಯುವುದುಂಟು. ಕೋಟೆಬೆಟ್ಟದ ಆಶ್ರಯದಲ್ಲಿ ಬೆಳೆದ ಹಳೆಯ ಕೊಪ್ಪಳದ ಓಣಿಗಳು ವಕ್ರವೂ ಸಂಕುಚಿತವೂ ಆಗಿದ್ದರೂ ಒಂದರೊಳಗೊಂದು ಹೆಣೆದುಕೊಂಡಿರುವುವು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲಾಕೇಂದ್ರವಾದ ತರುವಾಯ ಊರು ಹೊರಚಾಚತೊಡಗಲು, ಒಬ್ಬೊಬ್ಬ ಒಡೆಯನ ಹೊಲವೂ ಬೇರೆಬೇರೆ ಕಾಲದಲ್ಲಿ ಬಡಾವಣೆಯಾಗುವೆಡೆ, ಒಂದರ ರಸ್ತೆ ನೆರೆಯದರ ಬದುವಿಗೆ ಬಂದು ನಿಲ್ಲುವುದು, ಪಕ್ಕದ ಮನೆಗೂ ಹೆದ್ದಾರಿಯನ್ನು ಬಳಸಿಯೇ ಹೋಗಬೇಕಾಗುವುದು. ಕಟ್ಟಡ ಅಳಿದರೂ ಬೀದಿ ಅಳಿಯದಾದ್ದರಿಂದ ಈ ದೋಷ ತಲೆಮಾರುಗಳವರೆಗೆ ಉಳಿಯತಕ್ಕದ್ದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ಪೇಟೆಯಾಗಿ ಹಿಗ್ಗಿದ ಗಂಗಾವತಿಯಲ್ಲಾದರೋ, ಸೇತುವೆಯಿಲ್ಲದೆಡೆ ಕಾಲುವೆಯೇ ಬೀದಿಯನ್ನು ತಡೆಯುವುದು. ಕುಷ್ಟಗಿ, ಯಲಬುರ್ಗಗಳು ಇನ್ನೂ ಚಿಕ್ಕವು. ಆದ್ದರಿಂದ ಬದುಗಳನ್ನು ದಾಟಿ ಬೀದಿ ಕೂಡಿಸುವ ಅವಕಾಶ ಅಲ್ಲಿ ಹೆಚ್ಚು.